ಪರದೆ ಸುಮ್ಮನಾದಾಗ: ಮಂಡ್ಯದ ಆಡಿಟ್ ಘಟನೆಗಳು ಮೈಸೂರಿಗೆ ಬರದಿದ್ದರೆ ಎಲ್ಲಿ ಹುಡುಕಬೇಕು

ಶನಿವಾರ ರಾತ್ರಿ 11:42. ಮೈಸೂರಿನ ನಮ್ಮ ಕಚೇರಿಯ ಗೋಡೆಯ ಪರದೆಗೆ ಮಂಡ್ಯದ ಸರ್ವರ್‌ನಿಂದ ಕೊನೆಯ ಸಾಲು ಬಂದದ್ದು ಆಗ. ನಾನು ಅದನ್ನು ಗಮನಿಸಿದ್ದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ನಡುವಿನ ಸುಮಾರು ಮೂವತ್ತನಾಲ್ಕು ಗಂಟೆ ಪರದೆ ಸುಮ್ಮನಿತ್ತು. ಭಾನುವಾರದ ಪಾಳಿಯವರು ಪುಸ್ತಕದಲ್ಲಿ 'ಯಾವ ಅನುಮಾನಾಸ್ಪದ ಚಟುವಟಿಕೆಯೂ ಇಲ್ಲ' ಎಂದು ಬರೆದು ಸಹಿ ಹಾಕಿ ಹೋಗಿದ್ದರು. ಅವರ ತಪ್ಪೇನೂ ಇಲ್ಲ. ಏನೂ ನಡೆಯದಿದ್ದಾಗಲೂ, ಏನು ನಡೆದರೂ ನಮಗೆ ತಿಳಿಯದ ಸ್ಥಿತಿ ಬಂದಾಗಲೂ ಆ ಪರದೆ ಒಂದೇ ಥರ ಕಾಣುತ್ತಿತ್ತು. ಹಾಗೆ ಕಟ್ಟಿದವರು ನಾವು.

ಸರ್ವರ್ ಮಂಡ್ಯದ ಒಂದು ಸಹಕಾರ ಸಂಘದ್ದು. ರೈತ ಸದಸ್ಯರ ಠೇವಣಿ, ಬೆಳೆಸಾಲದ ಲೆಕ್ಕ ಅದರಲ್ಲಿದೆ. ಯಾರು ಲಾಗಿನ್ ಆದರು, ಯಾವ ಕಡತ ತಿದ್ದಿದರು, ಯಾರು ಸೂಡೊ ಮೂಲಕ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಅಧಿಕಾರ, ಬಳಸಿದರು ಎಂಬುದನ್ನು ಲಿನಕ್ಸ್‌ನ ಆಡಿಟ್ ವ್ಯವಸ್ಥೆ ಹಿಡಿದು, ನಡೆದ ಕ್ಷಣವೇ ಮೈಸೂರಿಗೆ ಕಳಿಸಬೇಕು. ಅಲ್ಲಿನ ಹುಡುಗನಿಗೆ ಫೋನ್ ಮಾಡಿದೆ.

"ಎಲ್ಲಾ ಸರಿಯಾಗೈತೆ ಕಣಣ್ಣ. ಸ್ಟೇಟಸ್ ಹಸಿರು ತೋರಿಸ್ತಾ ಐತೆ. ಒಂದ್ಸಲ ರೀಸ್ಟಾರ್ಟ್ ಮಾಡ್ಬುಡ್ಲಾ?"

"ಬೇಡ ಕಣಪ್ಪ. ನಾನು ಹೇಳೋವರೆಗೂ ಏನೂ ಮುಟ್ಟಬೇಡ."

ಆ ದಿನ ಫೋನಿನಲ್ಲಿ ಮಾಡಿದ ತಪಾಸಣೆಯನ್ನೇ ಇಲ್ಲಿ ಬರೆದಿದ್ದೇನೆ, ಬೇರೆ ಬೇರೆ ದಿನಗಳಲ್ಲಿ ಕಂಡ ದೋಷಗಳನ್ನೂ ಸೇರಿಸಿ. ಆಜ್ಞೆಗಳನ್ನು ಫೋನಿನಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಸೆಟ್ಟಿಂಗ್‌ಗಳ ಹೆಸರಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ.

ಮೊದಲು ರೀಸ್ಟಾರ್ಟ್ ಯಾಕೆ ಬೇಡ

ಆಡಿಟ್‌ಡಿ ಎಂಬ, ಆಡಿಟ್ ಘಟನೆಗಳನ್ನು ಪಡೆದು ಬರೆದಿಡುವ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎಷ್ಟೋ ಸಲ ದೋಷ ಮಾಯವಾಗುತ್ತದೆ. ಜೊತೆಗೆ ದೋಷದ ಗುರುತೂ ಮಾಯವಾಗುತ್ತದೆ. ಬರೆಯುವುದನ್ನು ಅಮಾನತು ಮಾಡಿಕೊಂಡಿತ್ತೇ, ಘಟನೆಗಳನ್ನು ಹೊರಗೆ ಕಳಿಸುವ ಪ್ಲಗಿನ್ ಬಿದ್ದಿತ್ತೇ, ಸರದಿ ತುಂಬಿ ಘಟನೆಗಳನ್ನು ಕೈಬಿಟ್ಟಿತ್ತೇ ಎಂಬುದರ ಎಷ್ಟೋ ಗುರುತು ಓಡುತ್ತಿರುವ ಆ ಪ್ರಕ್ರಿಯೆಯಲ್ಲೇ ಇರುತ್ತದೆ. ಅದೂ ಅಲ್ಲದೆ, ಕಳ್ಳ ಬಂದು ಹೋಗಿರಬಹುದಾದ ಮನೆಯನ್ನು ಯಾರೂ ಮೊದಲು ಗುಡಿಸುವುದಿಲ್ಲ.

ರೆಡ್ ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಸಿಟಿಎಲ್ ಆಜ್ಞೆಯ ಮೂಲಕ ಆಡಿಟ್‌ಡಿಯನ್ನು ರೀಸ್ಟಾರ್ಟ್ ಮಾಡಲು ಹೋದರೆ ಅದು ಒಪ್ಪುವುದೇ ಇಲ್ಲ. ಹಳೆಯ 'ಸರ್ವೀಸ್ ಆಡಿಟ್‌ಡಿ ರೀಸ್ಟಾರ್ಟ್' ಆಜ್ಞೆಯನ್ನೇ ಬಳಸಬೇಕು. ಇದನ್ನು ಕಂಡು ಸೇವೆಯೇ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ. ಅದು ಬೇಕೆಂದೇ ಇಟ್ಟ ತಡೆ. ಸಿಸ್ಟಮ್‌ಸಿಟಿಎಲ್ ತಾನೇ ಆ ಕೆಲಸ ಮಾಡುವುದಿಲ್ಲ, ಇನ್ನೊಂದು ಪ್ರಕ್ರಿಯೆಗೆ ಹೇಳಿ ಮಾಡಿಸುತ್ತದೆ. ಹಾಗಾಗಿ ಆಡಿಟ್ ನಿಲ್ಲಿಸಿದ ಮನುಷ್ಯ ಯಾರೆಂಬುದು ದಾಖಲಾಗುವುದಿಲ್ಲ. ಆಡಿಟ್ ನಿಲ್ಲಿಸಿದವನ ಹೆಸರು ಆಡಿಟ್‌ನಲ್ಲೇ ಇರಬೇಕು ಎಂದು ಯೋಚಿಸಿ ಮಾಡಿದ್ದಾರಲ್ಲ, ಅದು ನನಗೆ ತುಂಬ ಹಿಡಿಸಿದ ವಿಷಯ.

ನಾಲೆಯ ದಾರಿ

ಮಂಡ್ಯದ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕೆಆರ್‌ಎಸ್‌ನಲ್ಲಿ ನೀರು ಬಿಟ್ಟಿದ್ದಾರೆ, ಆದರೆ ವಿ.ಸಿ. ನಾಲೆಯ ಕೊನೆ ಭಾಗದ ಗದ್ದೆ ಒಣಗಿದೆ. ಆಗ ನೀರುಗಂಟಿ ಏನು ಮಾಡುತ್ತಾನೆ? ತೂಬಿನಿಂದ ತೂಬಿಗೆ ನಡೆಯುತ್ತಾನೆ, ನೀರು ಎಲ್ಲಿಯವರೆಗೆ ಬಂದಿದೆ ಎಂದು ಕಣ್ಣಾರೆ ನೋಡುತ್ತಾನೆ. ನಮ್ಮ ಘಟನೆಗಳಿಗೂ ಅಂಥದ್ದೇ ದಾರಿಯಿದೆ. ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ನಿಯಮಕ್ಕೆ ಹೊಂದುವ ಕೆಲಸ ನಡೆದಾಗ ಘಟನೆ ಹುಟ್ಟುತ್ತದೆ, ಕರ್ನಲ್‌ನೊಳಗಿನ ಸರದಿಯಲ್ಲಿ ನಿಲ್ಲುತ್ತದೆ, ನೆಟ್‌ಲಿಂಕ್ ಸಾಕೆಟ್ ಎಂಬ ಒಳದಾರಿಯ ಮೂಲಕ ಆಡಿಟ್‌ಡಿಗೆ ತಲುಪುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ: ಒಂದು ಸ್ಥಳೀಯ ಡಿಸ್ಕ್‌ನ ಲಾಗ್ ಕಡತಕ್ಕೆ, ಇನ್ನೊಂದು ಪ್ಲಗಿನ್‌ಗೆ. ನಮ್ಮಲ್ಲಿ ಆಡಿಸ್ಪ್ ರಿಮೋಟ್ ಎಂಬ ಪ್ಲಗಿನ್ ಅದನ್ನು ಮೈಸೂರಿನ ಆಡಿಟ್‌ಡಿಗೆ 60ನೇ ಪೋರ್ಟ್‌ಗೆ ಕಳಿಸುತ್ತದೆ. ಇಲ್ಲಿ ಮತ್ತೆ ಕಡತಕ್ಕೆ ಬರೆದಾಗ, ಆ ಕಡತದ ಬಾಲವನ್ನು ಓದುವ ಆಜ್ಞೆ ಅದನ್ನು ಪರದೆಗೆ ತರುತ್ತದೆ.

ಎಲ್ಲ ತೂಬನ್ನೂ ಒಂದೊಂದಾಗಿ ನೋಡುತ್ತಾ ಕೂತರೆ ಅರ್ಧ ದಿನ ಬೇಕು. ನಾನು ಮೊದಲು ಎರಡು ಹನಿ ಬಿಡುತ್ತೇನೆ.

ಎರಡು ಹನಿ

ಮೊದಲ ಹನಿ: ರೂಟ್ ಆಗಿ 'ಆಡಿಟ್‌ಸಿಟಿಎಲ್ ಮೈನಸ್ ಎಂ' ಎಂದು ಬರೆದು, ಮುಂದೆ ಉದ್ಧರಣ ಚಿಹ್ನೆಯೊಳಗೆ ಗುರುತಿಸಬಲ್ಲ ಒಂದು ಸಂದೇಶ ಕೊಡುವುದು. ಆ ಪಠ್ಯ ಬಳಕೆದಾರರ ಸಂದೇಶವಾಗಿ ಆಡಿಟ್ ವ್ಯವಸ್ಥೆಯೊಳಗೆ ಹೋಗಿ, ಕರ್ನಲ್ ಹಾದು, ಬೇರೆ ಘಟನೆಗಳ ಹಾಗೆಯೇ ದಾರಿ ಹಿಡಿಯುತ್ತದೆ. ಇದಕ್ಕೆ ನಾವು ಬರೆದ ಕಡತ ನಿಯಮಗಳು ಬೇಕಿಲ್ಲ. ಎರಡನೇ ಹನಿ: ನಿಯಮ ಕಾಯುತ್ತಿರುವ ಕಡತವೊಂದನ್ನು ನಿಜವಾಗಿ ಮುಟ್ಟುವುದು. ಇದಕ್ಕೆಂದೇ ಒಂದು ಖಾಲಿ ಕಡತ ಇಟ್ಟು ಅದರ ಮೇಲೆ ಬರೆಯುವ ಕೆಲಸಕ್ಕೆ ಕಾವಲು ನಿಯಮ ಹಾಕಿದ್ದೇವೆ. 'ಟಚ್' ಆಜ್ಞೆ ಕೊಟ್ಟರೆ ಘಟನೆ ಹುಟ್ಟಬೇಕು.

ಮೊದಲ ಹನಿ ಬಂದು ಎರಡನೆಯದು ಬರದಿದ್ದರೆ ದಾರಿ ಸರಿಯಿದೆ, ನಿಯಮದಲ್ಲಿ ದೋಷ. ಎರಡೂ ಮಂಡ್ಯದ ಕಡತದಲ್ಲಿದ್ದು ಮೈಸೂರಿಗೆ ಬರದಿದ್ದರೆ ಪ್ಲಗಿನ್, ಜಾಲ ಅಥವಾ ನಮ್ಮದೇ ತುದಿ. ಎರಡೂ ಮಂಡ್ಯದ ಕಡತದಲ್ಲೇ ಇಲ್ಲದಿದ್ದರೆ ಕರ್ನಲ್, ಆಡಿಟ್‌ಡಿ, ಡಿಸ್ಕ್. ಒಂದೇ ನಿಮಿಷದಲ್ಲಿ ಮುಕ್ಕಾಲು ಭಾಗ ಹುಡುಕಾಟ ಕಡಿಮೆಯಾಗುತ್ತದೆ.

ಹನಿ ಬಿಡುವ ಮೊದಲು 'ಆಡಿಟ್‌ಸಿಟಿಎಲ್ ಮೈನಸ್ ಎಸ್' ಕೊಟ್ಟು ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಅದರಲ್ಲಿ 'ಎನೇಬಲ್ಡ್' ಮುಂದೆ 0 ಇದ್ದರೆ ಆಡಿಟ್ ಆಫ್ ಆಗಿದೆ. ಮೊದಲ ಹನಿಯೂ ಬರುವುದಿಲ್ಲ. 1 ಇದ್ದರೆ ಸರಿ. 2 ಇದ್ದರೆ ನಿಯಮಗಳಿಗೆ ಬೀಗ ಬಿದ್ದಿದೆ, ಯಂತ್ರ ರೀಬೂಟ್ ಆಗುವವರೆಗೆ ರೂಟ್ ಕೂಡ ಬದಲಿಸಲಾರ. 'ಪಿಐಡಿ' ಮುಂದಿನ ಸಂಖ್ಯೆ ಆಡಿಟ್‌ಡಿಯ ಪ್ರಕ್ರಿಯೆ ಸಂಖ್ಯೆಯೇ ಆಗಿರಬೇಕು. ಕರ್ನಲ್ ತನ್ನ ಘಟನೆಗಳನ್ನು ಅಧಿಕೃತವಾಗಿ ಒಪ್ಪಿಸುವುದು ಒಬ್ಬನಿಗೇ. ಬೇರೊಂದು ಭದ್ರತಾ ಏಜೆಂಟ್ ಮೊದಲೇ ಎದ್ದು ಆ ಜಾಗ ಹಿಡಿದಿದ್ದರೆ ನಮ್ಮ ಆಡಿಟ್‌ಡಿಗೆ ಏನೂ ಸಿಗುವುದಿಲ್ಲ. ಪಿಐಡಿ 0 ಇದ್ದರೆ ಆ ಜಾಗದಲ್ಲಿ ಯಾರೂ ಇಲ್ಲ.

ಸೋಮವಾರ ಎರಡು ಹನಿಯೂ ಮಂಡ್ಯದ ಕಡತದಲ್ಲಿ ಕಂಡವು. ಮೈಸೂರಿಗೆ ಬರಲಿಲ್ಲ.

ದಾರಿ ತುಂಡಾಗಿದ್ದ ಜಾಗ

ಮೊದಲು ನಮ್ಮ ತುದಿ. ಪರದೆಗೆ ಕಡತ ಓದುವ ಆಜ್ಞೆ 'ಟೇಲ್ ಮೈನಸ್ ಎಫ್'. ಇದರಲ್ಲಿ ಎಫ್ ಸಣ್ಣಕ್ಷರವೋ ದೊಡ್ಡಕ್ಷರವೋ ಎಂಬುದು ಇಡೀ ನಿಗಾ ವ್ಯವಸ್ಥೆಯನ್ನೇ ಕೆಡಿಸಬಲ್ಲದು. ಲಾಗ್ ಕಡತ ಗೊತ್ತುಪಡಿಸಿದ ಗಾತ್ರ ಮುಟ್ಟಿದ ಕೂಡಲೇ ಆಡಿಟ್‌ಡಿ ಅದರ ಹೆಸರು ಬದಲಿಸಿ ಹೊಸ ಕಡತ ತೆರೆಯುತ್ತದೆ. ಸಣ್ಣ ಎಫ್ ಆ ಹಳೆಯ ಕಡತವನ್ನೇ ಹಿಡಿದು ಕೂತಿರುತ್ತದೆ. ಅದಕ್ಕೆ ಇನ್ನು ಯಾರೂ ಬರೆಯುವುದಿಲ್ಲ. ದೋಷದ ಸಂದೇಶವೂ ಇಲ್ಲ, ಆಜ್ಞೆ ಓಡುತ್ತಲೇ ಇರುತ್ತದೆ. ದೊಡ್ಡ ಎಫ್ ಕೊಟ್ಟರೆ ಹೆಸರನ್ನು ಹಿಂಬಾಲಿಸಿ ಹೊಸ ಕಡತಕ್ಕೆ ದಾಟುತ್ತದೆ. 'ಕೆಲವು ಗಂಟೆ ಬರುತ್ತೆ, ಆಮೇಲೆ ತಾನಾಗಿ ನಿಂತುಹೋಗುತ್ತೆ' ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಈ ಅಕ್ಷರವನ್ನೇ. ಆದರೆ ನಮ್ಮಲ್ಲಿ ಅದು ಸರಿಯಿತ್ತು, ಮೈಸೂರಿನ ಯಂತ್ರದ ಸ್ವಂತ ಘಟನೆಗಳು ಪರದೆಗೆ ಬರುತ್ತಿದ್ದವು. 60ನೇ ಪೋರ್ಟ್‌ನಲ್ಲಿ ಆಡಿಟ್‌ಡಿ ಕಿವಿಗೊಟ್ಟು ಕೂತಿತ್ತು, ಆದರೆ ಮಂಡ್ಯದಿಂದ ಸಂಪರ್ಕವೇ ಇರಲಿಲ್ಲ.

ಮಂಡ್ಯದಲ್ಲಿ ಪ್ರಕ್ರಿಯೆಗಳ ಪಟ್ಟಿ ತೆಗೆಸಿದೆ. ಆಡಿಟ್‌ಡಿ ಇತ್ತು, ಅದರ ಅಡಿಯಲ್ಲಿರಬೇಕಾದ ಆಡಿಸ್ಪ್ ರಿಮೋಟ್ ಇರಲಿಲ್ಲ. ಸಿಸ್ಟಮ್ ಲಾಗ್‌ನಲ್ಲಿ ಶನಿವಾರ ರಾತ್ರಿಯ ಸಾಲುಗಳು ಸಿಕ್ಕವು: ಜಾಲ ಸಿಗುತ್ತಿಲ್ಲ, ಪ್ಲಗಿನ್ ಅನಿರೀಕ್ಷಿತವಾಗಿ ನಿಂತಿದೆ, ಮತ್ತೆ ಎಬ್ಬಿಸಿದೆ, ಮತ್ತೆ ನಿಂತಿದೆ. ಕೊನೆಗೆ ಕೈಬಿಟ್ಟಿದೆ.

"ಶನಿವಾರ ರಾತ್ರಿ ಅಲ್ಲಿ ಇಂಟರ್ನೆಟ್ ಹೋಗಿತ್ತೇನಪ್ಪ?"

"ಹೂಂ ಅಣ್ಣ, ರಸ್ತೆ ಕೆಲ್ಸದ ಜೆಸಿಬಿ ಕೇಬಲ್ ಕಿತ್ತಾಕ್ಬುಟ್ಟಿತ್ತು. ಭಾನ್ವಾರ ಬೆಳಿಗ್ಗೆನೇ ಸರಿ ಮಾಡವ್ರೆ."

ಕೇಬಲ್ ಸರಿಯಾಗಿ ಇಡೀ ಒಂದು ದಿನವಾಗಿತ್ತು. ಪ್ಲಗಿನ್ ಮಾತ್ರ ಎದ್ದಿರಲಿಲ್ಲ. ಆಡಿಸ್ಪ್ ರಿಮೋಟ್‌ನ ಸಂರಚನಾ ಕಡತದಲ್ಲಿ 'ನೆಟ್‌ವರ್ಕ್ ಫೇಲ್ಯೂರ್ ಆ್ಯಕ್ಷನ್' ಎಂಬ ಸಾಲಿದೆ. ನಾವು ಮುಟ್ಟದೆ ಬಿಟ್ಟರೆ ಅದರ ಬೆಲೆ 'ಸ್ಟಾಪ್'. ಜಾಲ ಸಿಗದಿದ್ದರೆ ಕೆಲವು ಪ್ರಯತ್ನ ಮಾಡಿ ನಿಂತುಬಿಡುತ್ತದೆ. ಆಡಿಟ್‌ಡಿ ಅದನ್ನು ಮತ್ತೆ ಎಬ್ಬಿಸಿ ನೋಡುತ್ತದೆ, ಆದರೆ 'ಮ್ಯಾಕ್ಸ್ ರೀಸ್ಟಾರ್ಟ್ಸ್' ಎಂಬ ಮಿತಿಯವರೆಗೆ ಮಾತ್ರ. ಬೇರೆ ಹೇಳದಿದ್ದರೆ ಆ ಮಿತಿ 10. ಇಷ್ಟಾದರೂ ಆಡಿಟ್‌ಡಿ ಆರೋಗ್ಯವಾಗಿಯೇ ಇರುವುದರಿಂದ ಸ್ಟೇಟಸ್ ಹಸಿರಾಗಿಯೇ ಇರುತ್ತದೆ. ಹುಡುಗ ಹೇಳಿದ್ದು ಸುಳ್ಳಲ್ಲ, ಅವನು ನೋಡಿದ ದೀಪ ಬೇರೆ ತೂಬಿನದು.

ಅದೇ ಕಡತದಲ್ಲಿ 'ಮೋಡ್' ಎಂಬ ಇನ್ನೊಂದು ಸಾಲಿದೆ. ಮೊದಲಿನಿಂದ ಇರುವ ಬೆಲೆ 'ಇಮೀಡಿಯೆಟ್': ಘಟನೆ ಬಂದಂತೆ ಕಳಿಸುವುದು, ಡಿಸ್ಕ್‌ನಲ್ಲಿ ಕೂಡಿಡದಿರುವುದು. ಅದನ್ನು 'ಫಾರ್ವರ್ಡ್' ಎಂದು ಬದಲಿಸಿದರೆ ಕಳಿಸಲಾಗದ ಘಟನೆಗಳು ವಾರ್ ಸ್ಪೂಲ್ ಆಡಿಟ್ ಅಡಿಯ ರಿಮೋಟ್ ಡಾಟ್ ಲಾಗ್ ಕಡತದಲ್ಲಿ ಕೂತು, ಜಾಲ ಬಂದ ಮೇಲೆ ಹೊರಡುತ್ತವೆ. ಎರಡು ಊರುಗಳ ನಡುವೆ ಕಳಿಸುವವರು ಇದನ್ನು ಮೊದಲ ದಿನವೇ ಬದಲಿಸಬೇಕು. ನಾವು ಬದಲಿಸಿರಲಿಲ್ಲ. ಈಗ ಮೋಡ್ ಫಾರ್ವರ್ಡ್, ಫೇಲ್ಯೂರ್ ಆ್ಯಕ್ಷನ್ ಸಿಸ್‌ಲಾಗ್ (ನಿಲ್ಲುವ ಬದಲು ಸಿಸ್ಟಮ್ ಲಾಗ್‌ಗೆ ಬರೆಯುವುದು), 'ರಿಮೋಟ್ ಎಂಡಿಂಗ್ ಆ್ಯಕ್ಷನ್' ರೀಕನೆಕ್ಟ್. 'ಸರ್ವೀಸ್ ಆಡಿಟ್‌ಡಿ ರೀಲೋಡ್' ಕೊಟ್ಟಾಗ ಪ್ಲಗಿನ್ ಎದ್ದಿತು, ಮೂರನೇ ಹನಿ ಬಿಟ್ಟೆ, ಪರದೆಗೆ ಬಂತು.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವಿದೆ, ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ ಮರುದಿನ ಕಾಣಿಸಿಕೊಳ್ಳುತ್ತದೆ. ಆಡಿಟ್‌ನ 2ನೇ ಆವೃತ್ತಿಯಲ್ಲಿ ಪ್ಲಗಿನ್‌ಗಳನ್ನು ನೋಡಿಕೊಳ್ಳಲು ಆಡಿಸ್ಪ್‌ಡಿ ಎಂಬ ಪ್ರತ್ಯೇಕ ಸೇವೆಯಿತ್ತು, ಅವುಗಳ ಸಂರಚನೆ ಇಟಿಸಿ ಅಡಿಯ ಆಡಿಸ್ಪ್ ಫೋಲ್ಡರ್‌ನಲ್ಲಿತ್ತು. 3.0ರಿಂದ ಅದು ಆಡಿಟ್‌ಡಿಯೊಳಗೇ ಸೇರಿತು, ಫೋಲ್ಡರ್ ಇಟಿಸಿ ಆಡಿಟ್ ಅಡಿಯ ಪ್ಲಗಿನ್ಸ್ ಡಾಟ್ ಡಿ ಆಯಿತು. ನೀವು ಕೈಯಾರೆ ಬರೆದ ಕಡತ ಹಳೆಯ ಜಾಗದಲ್ಲೇ ಉಳಿದಿದ್ದರೆ ಯಾರೂ ಅದನ್ನು ಓದುವುದಿಲ್ಲ, ಯಾರೂ ದೂರುವುದೂ ಇಲ್ಲ. ಹೊಸ ಜಾಗದಲ್ಲಿ ಅದೇ ಹೆಸರಿನ ಕಡತವೊಂದು 'ಆ್ಯಕ್ಟಿವ್' ಮುಂದೆ 'ನೋ' ಎಂದು ಇಟ್ಟುಕೊಂಡು ಕೂತಿರುತ್ತದೆ.

ಕಳೆದುಹೋದ ಹದಿನಾರು ಗಂಟೆ

ದಾರಿ ಸರಿಯಾಯಿತು. ಆದರೆ ಶನಿವಾರ ರಾತ್ರಿಯಿಂದ ಸೋಮವಾರದವರೆಗೆ ಏನು ನಡೆಯಿತು? ಮಂಡ್ಯದ ಡಿಸ್ಕ್‌ನಲ್ಲಿ ಸ್ಥಳೀಯ ಪ್ರತಿ ಇದ್ದೇ ಇರುತ್ತದೆ ಎಂಬ ಧೈರ್ಯ ನನಗಿತ್ತು. 'ಎಯುರಿಪೋರ್ಟ್ ಮೈನಸ್ ಟಿ' ಪ್ರತಿ ಲಾಗ್ ಕಡತ ಯಾವ ಸಮಯದಿಂದ ಯಾವ ಸಮಯದವರೆಗೆ ಇದೆ ಎಂದು ತೋರಿಸುತ್ತದೆ. ಅತ್ಯಂತ ಹಳೆಯ ಕಡತ ಶುರುವಾಗಿದ್ದು ಭಾನುವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ. ಅದಕ್ಕೂ ಹಿಂದಿನದು ಅಳಿಸಿಹೋಗಿತ್ತು. ಯಾರೂ ಅಳಿಸಿರಲಿಲ್ಲ, ವ್ಯವಸ್ಥೆ ತನಗೆ ಹೇಳಿದ್ದನ್ನು ಮಾಡಿತ್ತು.

ಆಡಿಟ್‌ಡಿ ಸಂರಚನೆಯಲ್ಲಿ 'ಮ್ಯಾಕ್ಸ್ ಲಾಗ್ ಫೈಲ್' 8, ಅಂದರೆ ಒಂದು ಕಡತಕ್ಕೆ 8 ಎಂಬಿ. 'ನಮ್ ಲಾಗ್ಸ್' 5. ತುಂಬಿದಾಗ 'ರೊಟೇಟ್'. ಎಲ್ಲ ಸೇರಿ 40 ಎಂಬಿ ಮಾತ್ರ. ಆರನೆಯ ಕಡತಕ್ಕೆ ಜಾಗ ಮಾಡಲು ಹಳೆಯದು ಹೋಗುತ್ತದೆ. ಸುಮ್ಮನಿರುವ ಸರ್ವರ್‌ಗೆ ಅಷ್ಟು ವಾರಗಟ್ಟಲೆ ಸಾಕು. ಆದರೆ ನಮ್ಮ ನಿಯಮಗಳಲ್ಲಿ ಪ್ರತಿಯೊಂದು ಪ್ರೋಗ್ರಾಂ ಓಡಿದಾಗಲೂ ದಾಖಲಿಸು ಎಂಬುದೊಂದಿತ್ತು. ಭಾನುವಾರದ ಬ್ಯಾಕಪ್ ಸ್ಕ್ರಿಪ್ಟ್ ಸಾವಿರಗಟ್ಟಲೆ ಸಣ್ಣ ಆಜ್ಞೆ ಓಡಿಸುತ್ತದೆ. ಪ್ರತಿ ಆಜ್ಞೆಗೂ ಸಿಸ್ಕಾಲ್, ಎಕ್ಸೆಕ್‌ವಿಇ, ಸಿಡಬ್ಲ್ಯೂಡಿ, ಪಾತ್, ಪ್ರಾಕ್‌ಟೈಟಲ್ ಎಂದು ಕನಿಷ್ಠ ಐದು ಸಾಲು. ಬ್ಯಾಕಪ್‌ನ ಗದ್ದಲವೇ ಶನಿವಾರ ರಾತ್ರಿಯ ದಾಖಲೆಯನ್ನು ತಳ್ಳಿಹಾಕಿತ್ತು.

ಆ ಹದಿನಾರು ಗಂಟೆಯ ಆಡಿಟ್ ಘಟನೆಗಳು ನಮಗೆ ಸಿಗಲೇ ಇಲ್ಲ. ಎಸ್‌ಎಸ್‌ಎಚ್ ಲಾಗ್, ಡೇಟಾಬೇಸ್ ಲಾಗ್ ನೋಡಿ ಅನುಮಾನಕ್ಕೆ ಎಡೆಯಿಲ್ಲ ಎಂದು ಬರೆದೆವು. 'ಆಡಿಟ್ ದಾಖಲೆ ಲಭ್ಯವಿಲ್ಲ' ಎಂದೂ ಬರೆದೆವು. ಆ ಎರಡನೇ ಸಾಲನ್ನು ಬಿಡೋಣ ಎಂದು ಕೆಲವರು ಹೇಳಿದರು. ಬಿಡಲಿಲ್ಲ. ಸದಸ್ಯರ ದುಡ್ಡಿನ ಲೆಕ್ಕ ಅದು, ನಮಗೆ ಕಾಣದಿದ್ದ ಹೊತ್ತನ್ನು ಕಂಡಂತೆ ಬರೆಯಲು ಬರುವುದಿಲ್ಲ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತದೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. 40 ಎಂಬಿಯ ಮುಂದೆ 180 ದಿನ ಇಟ್ಟು ನೋಡಿದಾಗಲೇ ನಮಗೆ ಕೊರತೆ ಎಷ್ಟೆಂದು ಗೊತ್ತಾದದ್ದು. ಈಗ ಲಾಗ್‌ಗೆ ಪ್ರತ್ಯೇಕ ಪಾರ್ಟಿಷನ್ ಕೊಟ್ಟಿದ್ದೇವೆ, ಕಡತದ ಗಾತ್ರ ಮತ್ತು ಸಂಖ್ಯೆ ಹೆಚ್ಚಿಸಿದ್ದೇವೆ, ಪ್ರೋಗ್ರಾಂ ಓಡಿದ್ದನ್ನು ಹಿಡಿಯುವ ನಿಯಮಕ್ಕೆ 'ಲಾಗಿನ್ ಆದ ಮನುಷ್ಯರದ್ದು ಮಾತ್ರ' ಎಂಬ ಷರತ್ತು ಸೇರಿಸಿದ್ದೇವೆ. ಆ ಷರತ್ತಿನ ಅಪಾಯವನ್ನು ಮುಂದೆ ಹೇಳುತ್ತೇನೆ.

1003 ಯಾರು?

ಉಳಿದ ದಾಖಲೆಯನ್ನು ಮೈಸೂರಿಗೆ ತಂದು 'ಎಯುಸರ್ಚ್ ಮೈನಸ್ ಐ' ಕೊಟ್ಟು ಓದಿದೆವು. ಐ ಕೊಟ್ಟರೆ ಸಂಖ್ಯೆಗಳನ್ನೆಲ್ಲ ಹೆಸರಿಗೆ ಬದಲಿಸಿ ತೋರಿಸುತ್ತದೆ. ಭಾನುವಾರ ಸಂಜೆ ಮಂಡ್ಯದ ಸರ್ವರ್‌ನಲ್ಲಿ ಸೂಡೊ ಬಳಸಿದ್ದು ನಮ್ಮ ಮೈಸೂರಿನ ಸಹೋದ್ಯೋಗಿ ಎಂದು ಬಂತು. ಆತನಿಗೆ ಅಲ್ಲಿ ಖಾತೆಯೇ ಇಲ್ಲ. ಕೋಣೆಯಲ್ಲಿ ಒಂದು ಕ್ಷಣ ಎಲ್ಲರೂ ಆತನ ಮುಖ ನೋಡಿದರು. ಆ ನೋಟ ನನಗೆ ಇನ್ನೂ ನೆನಪಿದೆ.

ಕಾರಣ ಸರಳ. ಲಾಗ್‌ನಲ್ಲಿದ್ದದ್ದು 1003 ಎಂಬ ಸಂಖ್ಯೆ ಮಾತ್ರ. ಎಯುಸರ್ಚ್ ಅದನ್ನು ಹೆಸರಿಗೆ ಬದಲಿಸುವಾಗ ಓದುತ್ತಿರುವ ಯಂತ್ರದ ಬಳಕೆದಾರರ ಪಟ್ಟಿಯನ್ನು ನೋಡುತ್ತದೆ, ಘಟನೆ ನಡೆದ ಯಂತ್ರದ್ದನ್ನಲ್ಲ. ಮಂಡ್ಯದಲ್ಲಿ 1003 ಅಲ್ಲಿನ ಆಪರೇಟರ್, ಕೇಬಲ್ ಸರಿಯಾದ ಮೇಲೆ ನೆಟ್‌ವರ್ಕ್ ಪರೀಕ್ಷಿಸಲು ಸೂಡೊ ಬಳಸಿದ್ದ. ಮೈಸೂರಿನಲ್ಲಿ 1003 ಬೇರೆ ಮನುಷ್ಯ.

ಇದಕ್ಕೆ ಪರಿಹಾರ ಎರಡು ಸಾಲು. ಆಡಿಟ್‌ಡಿ ಸಂರಚನೆಯಲ್ಲಿ 'ಲಾಗ್ ಫಾರ್ಮ್ಯಾಟ್' ಅನ್ನು 'ರಾ' ಎಂಬುದರಿಂದ 'ಎನ್ರಿಚ್ಡ್'ಗೆ ಬದಲಿಸಿ. ಆಗ ಘಟನೆ ಬರೆಯುವಾಗಲೇ ಅದೇ ಯಂತ್ರದಲ್ಲಿ ಹೆಸರುಗಳನ್ನು ಹುಡುಕಿ ಸಾಲಿಗೆ ಸೇರಿಸುತ್ತದೆ. 'ನೇಮ್ ಫಾರ್ಮ್ಯಾಟ್' ಅನ್ನು 'ಹೋಸ್ಟ್‌ನೇಮ್' ಮಾಡಿ. ಪ್ರತಿ ಸಾಲಿನ ಮುಂದೆ ಯಂತ್ರದ ಹೆಸರು ಬರುತ್ತದೆ. ಇದಿಲ್ಲದೆ ಎರಡು ಯಂತ್ರಗಳ ಘಟನೆಗಳನ್ನು ಒಂದೇ ಕಡತಕ್ಕೆ ಸೇರಿಸಿದರೆ ಯಾವುದು ಯಾವ ಊರಿನದು ಎಂದು ಹೇಳಲಾಗದು. ಆಡಿಟ್ ಲಾಗ್ ಒಬ್ಬ ಮನುಷ್ಯನ ಮೇಲೆ ಬೊಟ್ಟು ಮಾಡುವ ಸಾಧನ. ಬೊಟ್ಟು ಸರಿಯಾದವನ ಕಡೆಗಿದೆಯೇ ಎಂದು ಎರಡು ಸಲ ನೋಡದೆ ಯಾರ ಹೆಸರನ್ನೂ ವರದಿಯಲ್ಲಿ ಬರೆಯಬೇಡಿ.

ಸಮಯದ ಗೊಂದಲವೂ ಹೀಗೆಯೇ. ಲಾಗ್‌ನ ಆವರಣದೊಳಗೆ ಕಾಣುವ ಉದ್ದ ಸಂಖ್ಯೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಅದಕ್ಕೆ ಊರಿಲ್ಲ. ಓದುವ ಯಂತ್ರದ ಕಾಲವಲಯ ಯುಟಿಸಿ ಆಗಿದ್ದರೆ ಎಲ್ಲ ಘಟನೆಗಳೂ ಐದೂವರೆ ಗಂಟೆ ಹಿಂದೆ ನಡೆದಂತೆ ಕಾಣುತ್ತವೆ. 'ತಡವಾಗಿ ಬರುತ್ತಿದೆ' ಎಂಬ ದೂರು ಬಂದರೆ ತಡ ಎಷ್ಟೆಂದು ಕೇಳಿ. ಸರಿಯಾಗಿ ಐದೂವರೆ ಗಂಟೆಯಾದರೆ ನಾಲೆಯಲ್ಲಿ ದೋಷವಿಲ್ಲ, ಗಡಿಯಾರದಲ್ಲಿದೆ.

ಸ್ಥಳೀಯ ಕಡತದಲ್ಲೇ ಹನಿ ಇಲ್ಲದಿದ್ದರೆ

ಇದು ಸೋಮವಾರದ ಕಥೆಯಲ್ಲ, ಇನ್ನೊಂದು ಕಚೇರಿಯದು. ಆಡಿಟ್‌ಡಿ ಹಸಿರು, ಎನೇಬಲ್ಡ್ 1, ಪಿಐಡಿ ಸರಿ, ಕಳೆದುಹೋದ ಘಟನೆಗಳ ಎಣಿಕೆಯಾದ 'ಲಾಸ್ಟ್' ಕೂಡ 0. ಆದರೂ ಕಡತ ಬೆಳೆಯುತ್ತಿಲ್ಲ. ಎಲ್ಲ ಸಂಖ್ಯೆಗಳೂ ಚೆನ್ನಾಗಿದ್ದು ಹನಿ ಮಾತ್ರ ಕಾಣದಿದ್ದರೆ ನೇರವಾಗಿ ಡಿಸ್ಕ್‌ಗೆ ಹೋಗಿ: 'ಡಿಎಫ್ ಮೈನಸ್ ಎಚ್'. ಅಲ್ಲಿ ಲಾಗ್‌ಗಳಿರುವ ವಾರ್ ಪಾರ್ಟಿಷನ್ ತುಂಬಿತ್ತು. 'ಅಡ್ಮಿನ್ ಸ್ಪೇಸ್ ಲೆಫ್ಟ್' 50, ಅಂದರೆ 50 ಎಂಬಿಗಿಂತ ಕಡಿಮೆ ಜಾಗ ಉಳಿದಾಗ ಮಾಡಬೇಕಾದ ಕೆಲಸ 'ಸಸ್ಪೆಂಡ್'. ಆಡಿಟ್‌ಡಿ ಸಾಯುವುದಿಲ್ಲ, ಡಿಸ್ಕ್‌ಗೆ ಬರೆಯುವುದನ್ನು ಮಾತ್ರ ನಿಲ್ಲಿಸುತ್ತದೆ. ಕರ್ನಲ್‌ನಿಂದ ಘಟನೆಗಳನ್ನು ತೆಗೆದುಕೊಳ್ಳುತ್ತಲೇ ಇರುವುದರಿಂದ ಕರ್ನಲ್‌ನ ಲೆಕ್ಕದಲ್ಲಿ ಏನೂ ಕಳೆದಿಲ್ಲ.

ಜಾಗ ಖಾಲಿ ಮಾಡಿದ ಮೇಲೆ ಬರೆಯಲು ಮತ್ತೆ ಹೇಳಬೇಕು: 'ಸರ್ವೀಸ್ ಆಡಿಟ್‌ಡಿ ರೆಸ್ಯೂಮ್', ಅಥವಾ ಆಡಿಟ್‌ಡಿ ಪ್ರಕ್ರಿಯೆಗೆ ಯುಎಸ್‌ಆರ್2 ಸಂಕೇತ. ಸಸ್ಪೆಂಡ್‌ಗಿಂತ ಮೊದಲ ಮೆಟ್ಟಿಲಾದ 'ಸ್ಪೇಸ್ ಲೆಫ್ಟ್' ಸಾಮಾನ್ಯವಾಗಿ 75 ಎಂಬಿ ಇರುತ್ತದೆ. ಎಚ್ಚರಿಕೆ ಬಂದು ಕೈಯಾಡಿಸುವಷ್ಟರಲ್ಲಿ ಉಳಿದ 25 ಎಂಬಿ ಮುಗಿದಿರುತ್ತದೆ. ಅದನ್ನು ಒಂದೆರಡು ಜಿಬಿಗೆ ಏರಿಸಿ, ಮೇಲ್ ಬರುವಂತೆ ಮಾಡಿ.

ಲಾಸ್ಟ್ ಸಂಖ್ಯೆ ಏರುತ್ತಿದ್ದರೆ ದೋಷ ಮೇಲಿನ ತೂಬಿನಲ್ಲಿದೆ. ಕರ್ನಲ್‌ನ ಸರದಿಗೆ 'ಬ್ಯಾಕ್‌ಲಾಗ್ ಲಿಮಿಟ್' ಎಂಬ ಅಂಚಿದೆ. ಏನೂ ಹೇಳದಿದ್ದರೆ ಕರ್ನಲ್ ಇಟ್ಟುಕೊಳ್ಳುವುದು ಬರೀ 64. ನಿಯಮ ಕಡತಗಳಲ್ಲಿ ಸಾಮಾನ್ಯವಾಗಿ 8192 ಇರುತ್ತದೆ. ಕೆಆರ್‌ಎಸ್‌ನಲ್ಲಿ 124.80 ಅಡಿ ಮುಟ್ಟಿದ ಮೇಲೆ ಬಂದ ನೀರನ್ನೆಲ್ಲ ಹೊರಬಿಡುವ ಹಾಗೆ, ಅಂಚು ಮುಟ್ಟಿದ ಮೇಲೆ ಬಂದ ಘಟನೆ ಸ್ವಲ್ಪ ಹೊತ್ತು ಕಾದು ಆಮೇಲೆ ಹೋಗಿಬಿಡುತ್ತದೆ. ಅಣೆಕಟ್ಟೆಗೆ ಎತ್ತರ ಸೇರಿಸುವುದಕ್ಕಿಂತ ಮೊದಲು ಒಳಹರಿವು ನೋಡಿ: ಯಾವ ನಿಯಮ ಹೆಚ್ಚು ಗದ್ದಲ ಮಾಡುತ್ತಿದೆ ಎಂದು 'ಎಯುರಿಪೋರ್ಟ್ ಮೈನಸ್ ಮೈನಸ್ ಕೀ' ಹೇಳುತ್ತದೆ. ಬೂಟ್ ಆಗುವಾಗಲೇ ಕಳೆದುಹೋಗುತ್ತಿದ್ದರೆ ಬೂಟ್ ಸಾಲಿಗೆ 'ಆಡಿಟ್ ಬ್ಯಾಕ್‌ಲಾಗ್ ಲಿಮಿಟ್' ಸೇರಿಸಬೇಕು, ಜೊತೆಗೆ 'ಆಡಿಟ್ ಈಕ್ವಲ್ಸ್ 1' ಕೂಡ. ಅದಿಲ್ಲದೆ ಆಡಿಟ್‌ಡಿಗಿಂತ ಮೊದಲೇ ಎದ್ದ ಪ್ರಕ್ರಿಯೆಗಳ ಕೆಲಸ ಸರಿಯಾಗಿ ದಾಖಲಾಗುವುದಿಲ್ಲ.

ಮೊದಲ ಹನಿ ಬಂದು ಎರಡನೆಯದು ಬಾರದಿದ್ದರೆ

'ಆಡಿಟ್‌ಸಿಟಿಎಲ್ ಮೈನಸ್ ಎಲ್' ಕೊಟ್ಟು ಈಗ ಜಾರಿಯಲ್ಲಿರುವ ನಿಯಮಗಳನ್ನು ನೋಡಿ. ಕಡತದಲ್ಲಿ ಬರೆದದ್ದಲ್ಲ, ಕರ್ನಲ್‌ನಲ್ಲಿ ಇರುವುದು. ಪಟ್ಟಿಯಲ್ಲಿ 'ನೆವರ್ ಕಾಮಾ ಟಾಸ್ಕ್' ಎಂಬ ಸಾಲು ಕಂಡರೆ ಅದೇ ಕಾರಣ. ಕೆಲವು ವಿತರಣೆಗಳು ವೇಗಕ್ಕಾಗಿ ಈ ನಿಯಮ ಇಟ್ಟೇ ಕಳಿಸುತ್ತವೆ, ಫೆಡೋರಾದಲ್ಲಿ ನಾನೇ ಕಂಡಿದ್ದೇನೆ. ಇದಿದ್ದರೆ ಲಾಗಿನ್ ಘಟನೆಗಳು ಬರುತ್ತಲೇ ಇರುತ್ತವೆ, ಆದರೆ ಕಡತ ಕಾವಲು, ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ನಿಯಮ ಯಾವುದೂ ಕೆಲಸ ಮಾಡುವುದಿಲ್ಲ. ಅದನ್ನು ತೆಗೆದ ಮೇಲೂ ಆಗಲೇ ಓಡುತ್ತಿರುವ ಪ್ರಕ್ರಿಯೆಗಳು ಹಾಗೇ ಉಳಿಯುತ್ತವೆ. ಹೊಸದಾಗಿ ಹುಟ್ಟುವವು ಮಾತ್ರ ದಾಖಲಾಗುತ್ತವೆ. ರೀಬೂಟ್ ಒಳ್ಳೆಯದು.

ಪಟ್ಟಿಯಲ್ಲಿ ಮೊದಲು ಹೊಂದಿದ ನಿಯಮವೇ ಗೆಲ್ಲುತ್ತದೆ, ಹಾಗಾಗಿ ಮೇಲೆ ಒಂದು 'ನೆವರ್' ಇದ್ದರೆ ಕೆಳಗಿನ 'ಆಲ್ವೇಸ್' ವ್ಯರ್ಥ. 64 ಬಿಟ್‌ಗೆ ಬರೆದ ಸಿಸ್ಟಮ್ ಕಾಲ್ ನಿಯಮ 32 ಬಿಟ್ ಪ್ರೋಗ್ರಾಂ ಹಿಡಿಯುವುದಿಲ್ಲ, ಎರಡಕ್ಕೂ ಬರೆಯಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಆಡಿಟ್ ಯುಐಡಿ ಷರತ್ತು. ಮನುಷ್ಯ ಲಾಗಿನ್ ಆದಾಗ ಪ್ಯಾಮ್ ಲಾಗಿನ್ ಯುಐಡಿ ಎಂಬ ಮಾಡ್ಯೂಲ್ ಅವನಿಗೊಂದು ಗುರುತು ಹಚ್ಚುತ್ತದೆ. ಆಮೇಲೆ ಅವನು ಎಸ್‌ಯು ಮಾಡಲಿ, ಸೂಡೊ ಮಾಡಲಿ, ರೂಟ್ ಆಗಲಿ, ಆ ಗುರುತು ಬದಲಾಗುವುದಿಲ್ಲ. ಅದರ ಬೆಲೆ 1000 ಅಥವಾ ಅದಕ್ಕಿಂತ ಹೆಚ್ಚು ಮತ್ತು ಅನ್‌ಸೆಟ್ ಅಲ್ಲ ಎಂಬ ಷರತ್ತನ್ನು ಹಲವು ಮಾದರಿ ನಿಯಮಗಳಲ್ಲಿ ಕಾಣುತ್ತೀರಿ. ಗದ್ದಲ ಕಡಿಮೆ ಮಾಡಲು ಅದು ಒಳ್ಳೆಯದೇ. ಆದರೆ ಬೂಟ್ ಆದಾಗ ತಾನಾಗಿ ಎದ್ದ ವೆಬ್ ಸರ್ವರ್‌ಗೆ ಲಾಗಿನ್ ಮಾಡಿದ ಮನುಷ್ಯನಿಲ್ಲ. ಲಾಗ್‌ನಲ್ಲಿ ಅದರ ಗುರುತು 4294967295 ಎಂದು ಕಾಣುತ್ತದೆ, ಅಂದರೆ ಅನ್‌ಸೆಟ್. ವೆಬ್ ಅಪ್ಲಿಕೇಶನ್‌ನ ದೋಷ ಬಳಸಿ ಒಳನುಗ್ಗಿದವನು ಕಡತ ತಿದ್ದಿದರೆ ಅವನ ಕೆಲಸ ಅದೇ ಸಂಖ್ಯೆಯಡಿ ನಡೆಯುತ್ತದೆ, ಷರತ್ತು ಅದನ್ನು ಸೋಸಿ ಎಸೆಯುತ್ತದೆ. ನಾವು ಯಾರಿಗಾಗಿ ಕಾಯುತ್ತಿದ್ದೇವೋ ಅವನನ್ನೇ ಬಿಟ್ಟುಬಿಡುವ ನಿಯಮ. ಆದ್ದರಿಂದ ಆ ಷರತ್ತು ಪ್ರೋಗ್ರಾಂ ಓಡಿದ್ದನ್ನು ಹಿಡಿಯುವ ನಿಯಮಕ್ಕೆ ಮಾತ್ರ ಇರಲಿ, ಮುಖ್ಯ ಕಡತಗಳ ಕಾವಲಿಗೆ ಬೇಡ. ವೆಬ್ ಸೇವೆಯ ಖಾತೆ ಶೆಲ್ ತೆರೆದರೆ ಹಿಡಿಯುವ ಪ್ರತ್ಯೇಕ ನಿಯಮ ಇರಲಿ. ಎರಡನೇ ಹನಿಯನ್ನು ನಾವೀಗ ಎರಡು ರೀತಿ ಬಿಡುತ್ತೇವೆ: ಒಮ್ಮೆ ಲಾಗಿನ್ ಆದ ಮನುಷ್ಯನ ಕೈಯಿಂದ, ಒಮ್ಮೆ ಸೇವೆಯ ಖಾತೆಯಿಂದ.

ವಿಂಡೋಸ್ ಯಂತ್ರಗಳಿಗೆ ಒಂದು ಮಾತು

ಸಂಘದ ಲೆಕ್ಕಿಗರ ಮೇಜಿನ ಮೇಲೆ ವಿಂಡೋಸ್ ಇದೆ, ಅಲ್ಲೂ ಹನಿಯ ವಿಧಾನ ನಡೆಯುತ್ತದೆ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ ಸೆಕ್ಯೂರಿಟಿ ಲಾಗ್‌ನಲ್ಲಿ 4625 ಬರಬೇಕು. ಕಡತ ಮುಟ್ಟಿದ್ದಕ್ಕೆ 4663 ಬರಬೇಕಾದರೆ ಆಡಿಟ್ ನೀತಿಯಲ್ಲಿ ಅನುಮತಿಸಿದರೆ ಸಾಲದು, ಆ ಫೋಲ್ಡರ್‌ನ ಗುಣಲಕ್ಷಣಗಳಲ್ಲಿ ಆಡಿಟಿಂಗ್ ಟ್ಯಾಬ್‌ನಲ್ಲೂ ಹೇಳಿರಬೇಕು. ಬಹುತೇಕರು ಎರಡರಲ್ಲಿ ಒಂದನ್ನು ಮರೆತಿರುತ್ತಾರೆ. 1102 ಕಂಡರೆ ಯಾರೋ ಲಾಗ್ ಅಳಿಸಿದ್ದಾರೆ ಎಂದರ್ಥ, ಅದಕ್ಕೆ ಕೂಡಲೇ ಫೋನ್ ಬಾರಿಸಬೇಕು.

ಕೊನೆಗೆ ಹಾಕಿದ್ದು

ಮಂಡ್ಯದ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ಸೇವೆ) ಐದು ನಿಮಿಷಕ್ಕೊಮ್ಮೆ ಮೊದಲ ಹನಿ ತಾನಾಗಿ ಬೀಳುವಂತೆ ಮಾಡಿದೆವು. ಹನ್ನೆರಡು ನಿಮಿಷ ಹನಿ ಕಾಣದಿದ್ದರೆ ಮೈಸೂರಿನ ಸ್ಕ್ರಿಪ್ಟ್ ಪಾಳಿಯವರ ಫೋನ್ ಬಾರಿಸುತ್ತದೆ. ಆ ಸ್ಕ್ರಿಪ್ಟ್ ಮೊದಲ ದಿನ ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಖಾಲಿ. ಎಯುಸರ್ಚ್ ಕ್ರಾನ್ ಅಡಿಯಲ್ಲಿ ಓಡುವಾಗ ಲಾಗ್ ಕಡತ ಬಿಟ್ಟು ತನಗೆ ಪೈಪ್‌ನಿಂದ ಏನೋ ಬರುತ್ತದೆ ಎಂದುಕೊಳ್ಳುತ್ತದೆ; 'ಮೈನಸ್ ಮೈನಸ್ ಇನ್‌ಪುಟ್ ಲಾಗ್ಸ್' ಎಂದು ಸೇರಿಸಿದ ಮೇಲೆ ಸರಿಹೋಯಿತು. ಆಡಿಸ್ಪ್ ರಿಮೋಟ್‌ನಲ್ಲಿ 'ಹಾರ್ಟ್‌ಬೀಟ್ ಟೈಮ್‌ಔಟ್', ಮೈಸೂರಿನ ಆಡಿಟ್‌ಡಿಯಲ್ಲಿ 'ಟಿಸಿಪಿ ಕ್ಲೈಂಟ್ ಮ್ಯಾಕ್ಸ್ ಐಡಲ್' ಎರಡೂ 0 ಇದ್ದವು, ಅಂದರೆ ಸಂಪರ್ಕ ಜೀವಂತವಾಗಿದೆಯೇ ಎಂದು ನೋಡುವ ಕೆಲಸ ಆಫ್. ಮೊದಲನೆಯದಕ್ಕೆ 60 ಸೆಕೆಂಡ್, ಎರಡನೆಯದಕ್ಕೆ ಅದರ ಎರಡರಷ್ಟು ಕೊಟ್ಟೆವು.

ಗುರುವಾರ ಮಧ್ಯಾಹ್ನ 12:01ಕ್ಕೆ ಹುಡುಗನಿಗೆ ಹೇಳಿ ಮಂಡ್ಯದಲ್ಲಿ ನೆಟ್‌ವರ್ಕ್ ತಂತಿ ಕೀಳಿಸಿದೆ. 12:13ಕ್ಕೆ ಮೈಸೂರಿನಲ್ಲಿ ಫೋನ್ ಬಾರಿಸಿತು. 12:18ಕ್ಕೆ ತಂತಿ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ 12:05, 12:10, 12:15ರ ಮೂರು ಹನಿಗಳೂ ತಮ್ಮ ಮೂಲ ಸಮಯ ಹೊತ್ತು, ಸಾಲಾಗಿ ಪರದೆಗೆ ಬಂದವು.

"ಬಂತಾ ಅಣ್ಣ?"

"ಮೂರೂ ಬಂತು ಕಣಪ್ಪ."